ಫ್ರಿಜ್ಜಿನ ಗ್ಯಾಸ್ ಮುಗಿಯುವುದಲ್ಲ, ಸೋರುವುದು

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಮನೆಗಳಲ್ಲಿ ಫ್ರಿಜ್ ತಂಪು ಕೊಡುವುದು ನಿಂತಿತೆಂದರೆ ಮೊದಲು ಕೇಳಿಬರುವ ಮಾತು ಇದು: "ಗ್ಯಾಸ್ ಖಾಲಿ ಆಯ್ತ್ ಕಾಣ್, ತುಂಬ್ಸ್ಕ್." ಅಡುಗೆಯ ಸಿಲಿಂಡರ್ ನೋಡಿ ಅಭ್ಯಾಸವಾದ ನಮಗೆ ಹಾಗೆ ಅನಿಸುವುದು ಸಹಜ. ಒಲೆಯಲ್ಲಿ ಗ್ಯಾಸ್ ಉರಿದು ಹೋಗುತ್ತದೆ, ತಿಂಗಳಿಗೋ ಎರಡು ತಿಂಗಳಿಗೋ ಸಿಲಿಂಡರ್ ಬದಲಿಸುತ್ತೇವೆ. ಫ್ರಿಜ್ಜಿನಲ್ಲಿ ಹಾಗೆ ಏನೂ ಖರ್ಚಾಗುವುದಿಲ್ಲ. ಕಾರ್ಖಾನೆಯಲ್ಲಿ ಒಮ್ಮೆ ತುಂಬಿ ಬಾಯಿ ಮುಚ್ಚಿದ ಗ್ಯಾಸ್ ಅದೇ ಕೊಳವೆಯೊಳಗೆ ಸುತ್ತುತ್ತ, ದ್ರವವಾಗುತ್ತ, ಆವಿಯಾಗುತ್ತ ಇರುತ್ತದೆ. ಹದಿನೈದು ವರ್ಷ ಓಡಿದ ಫ್ರಿಜ್ಜಿನಲ್ಲಿ ಮೊದಲ ದಿನದ ಗ್ಯಾಸೇ ಇರಬಹುದು. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತು ಬಿದ್ದಿದೆ. ಆ ತೂತು ಹುಡುಕದೆ ಗ್ಯಾಸ್ ತುಂಬಿಸಿದರೆ ಕೆಲವೇ ತಿಂಗಳಲ್ಲಿ ಮತ್ತದೇ ಮಾತು, ಮತ್ತದೇ ಖರ್ಚು.

ಈ ಹಳೆಯ ಸಂಗತಿಯನ್ನು ಈಗ ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಳೆದ ಎರಡು ದಶಕಗಳಲ್ಲಿ ನಮ್ಮ ಫ್ರಿಜ್ಜುಗಳ ಒಳಗಿನ ಗ್ಯಾಸೇ ಬದಲಾಗಿದೆ. ಈಗ ಮನೆಗೆ ಬರುವ ಹೆಚ್ಚಿನ ಹೊಸ ಫ್ರಿಜ್ಜುಗಳಲ್ಲಿ ಇರುವುದು ಐಸೊಬ್ಯುಟೇನ್. ಅಂಗಡಿಯ ಗಾಜಿನ ಬಾಗಿಲಿನ ಕೂಲರ್, ಐಸ್‌ಕ್ರೀಮ್ ಫ್ರೀಜರ್‌ಗಳಲ್ಲಿ ಹಲವಕ್ಕೆ ಪ್ರೋಪೇನ್ ತುಂಬಿರುತ್ತಾರೆ. ನಮ್ಮ ಅಡುಗೆ ಸಿಲಿಂಡರಿನೊಳಗೆ ಇರುವುದೂ ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯುಟೇನ್‌ಗಳೇ. ಅಂದರೆ ಒಲೆಯ ಗ್ಯಾಸೂ ಫ್ರಿಜ್ಜಿನ ಗ್ಯಾಸೂ ಒಂದೇ ಕುಟುಂಬದವು, ಎರಡೂ ಬೆಂಕಿ ತಾಗಿದರೆ ಉರಿಯುತ್ತವೆ. ನಿಮ್ಮ ಫ್ರಿಜ್ಜಿನಲ್ಲಿ ಯಾವುದಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಒಳಗಿನ ಗೋಡೆಯಲ್ಲೋ, ಹಿಂಬದಿಯಲ್ಲೋ, ಕಂಪ್ರೆಸರ್ ಮೇಲೋ ಅಂಟಿಸಿದ ಚೀಟಿಯನ್ನು ಓದಿ. ಆರ್600ಎ ಎಂದಿದ್ದರೆ ಐಸೊಬ್ಯುಟೇನ್, ಆರ್290 ಎಂದಿದ್ದರೆ ಪ್ರೋಪೇನ್, ಪಕ್ಕದಲ್ಲೇ ಎಷ್ಟು ಗ್ರಾಂ ಎಂದೂ ಬರೆದಿರುತ್ತದೆ. ಹಳದಿ ತ್ರಿಕೋನದೊಳಗೆ ಬೆಂಕಿಯ ಚಿತ್ರ ಇದ್ದರೆ ಅದೂ ಇದೇ ಸಂಗತಿಯನ್ನೇ ಹೇಳುತ್ತಿದೆ. ಆರ್134ಎ ಎಂದಿದ್ದರೆ ಅದು ಹಿಂದಿನ ಪೀಳಿಗೆಯದು, ಉರಿಯುವ ಗ್ಯಾಸ್ ಅಲ್ಲ.

ಉರಿಯುವ ಗ್ಯಾಸನ್ನು ಮನೆಯೊಳಗಿನ ಯಂತ್ರಕ್ಕೆ ತುಂಬುವ ಯೋಚನೆ ಯಾಕೆ ಬಂತು ಎಂದು ಕೇಳುವವರಿದ್ದಾರೆ. ಅದು ಹೊಸ ಯೋಚನೆಯೇನಲ್ಲ. 1920ರ ದಶಕದಲ್ಲೇ ಪ್ರೋಪೇನ್, ಐಸೊಬ್ಯುಟೇನ್‌ಗಳನ್ನು ತಂಪು ಮಾಡಲು ಬಳಸುತ್ತಿದ್ದರು. ಆಮೇಲೆ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಅವರ ಸಂಗಡಿಗರು ಫ್ರಿಯಾನ್ ತಂದರು. ಉರಿಯುವುದಿಲ್ಲ, ವಿಷವಲ್ಲ ಎಂದು ಜಗತ್ತು ಅದನ್ನು ಅರ್ಧ ಶತಮಾನ ಕಾಲ ಕಣ್ಣುಮುಚ್ಚಿ ಬಳಸಿತು. ಅದು ಮೇಲೇರಿ ಓಜೋನ್ ಪದರವನ್ನು ತಿನ್ನುತ್ತದೆ ಎಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಜೋನ್ ತೂತಿನ ವರದಿ ಬಂತು. 1987ರಲ್ಲಿ ಇಂಥ ಗ್ಯಾಸುಗಳನ್ನು ತಡೆಯುವ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಫ್ರಿಯಾನ್ ಜಾಗಕ್ಕೆ ಬಂದ ಆರ್134ಎ ಓಜೋನಿಗೆ ತೊಂದರೆ ಮಾಡಲಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದರ ಒಂದು ಕಿಲೊ ಇಂಗಾಲದ ಡೈಆಕ್ಸೈಡಿನ ಸುಮಾರು 1,430 ಕಿಲೊಗೆ ಸಮ. ಪ್ರೋಪೇನ್, ಐಸೊಬ್ಯುಟೇನ್‌ಗಳಿಗೆ ಈ ಲೆಕ್ಕ ಮೂರರ ಆಸುಪಾಸು. ಅಷ್ಟು ಅಂತರ ಇರುವುದರಿಂದಲೇ ಹಳೆಯ ಗ್ಯಾಸುಗಳು ಮರಳಿ ಬಂದವು.

ಮರಳಿ ಬಂದ ಬಗೆ ಸ್ವಾರಸ್ಯವಾಗಿದೆ. ಮುಚ್ಚುವ ಸ್ಥಿತಿಗೆ ಬಂದಿದ್ದ ಹಿಂದಿನ ಪೂರ್ವ ಜರ್ಮನಿಯ ಕಾರ್ಖಾನೆಯೊಂದು 1992ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯ ಒತ್ತಾಸೆಯಿಂದ ಪ್ರೋಪೇನ್ ಮತ್ತು ಬ್ಯುಟೇನ್ ಬೆರೆಸಿದ ಫ್ರಿಜ್ ಮಾಡಿ ತೋರಿಸಿತು. ದೊಡ್ಡ ಕಂಪನಿಗಳು ಅಪಾಯ ಎಂದು ಕೂಗಿದವು. ಮರುವರ್ಷ ಅದೇ ಫ್ರಿಜ್ ಮಾರುಕಟ್ಟೆಗೆ ಬಂತು, ಹೆಚ್ಚು ಕಾಲ ಕಳೆಯುವ ಮೊದಲೇ ಕೂಗಿದವರೂ ಅದೇ ದಾರಿ ಹಿಡಿದರು. ನಮ್ಮಲ್ಲಿ ಗೋದ್ರೆಜ್ 2001ರ ಹೊತ್ತಿಗೆ ಇಂಥ ಗ್ಯಾಸಿನ ಫ್ರಿಜ್ಜಿಗೆ ಬಂತು, 2012ರಲ್ಲಿ ಪ್ರೋಪೇನ್ ಎ.ಸಿ.ಯನ್ನೂ ತಂದಿತು. ಮಾಂಟ್ರಿಯಲ್ ಒಪ್ಪಂದದ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿದ ಮೇಲೆ ಭೂಮಿಯನ್ನು ಬಿಸಿ ಮಾಡುವ ಆರ್134ಎಯಂಥ ಗ್ಯಾಸುಗಳನ್ನು 2032ರಿಂದ ಹಂತಹಂತವಾಗಿ ಇಳಿಸಿ 2047ಕ್ಕೆ ಶೇ 85ರಷ್ಟು ಕಡಿಮೆ ಮಾಡಬೇಕಿದೆ. ಮುಂದಿನ ದಿನಗಳಲ್ಲಿ ನಮ್ಮ ಮನೆಗೆ ಬರುವುದೆಲ್ಲ ಹೆಚ್ಚುಕಡಿಮೆ ಈ ಉರಿಯುವ ಕುಟುಂಬದ್ದೇ.

ಪ್ರೋಪೇನ್ ಫ್ರಿಜ್ ಎಂದರೆ ಬೇರೊಂದು ಯಂತ್ರವೂ ಇದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದರಲ್ಲಿ ಪ್ರೋಪೇನ್ ನಿಜವಾಗಿಯೂ ಉರಿಯುತ್ತದೆ. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಕಂಪ್ರೆಸರೇ ಇಲ್ಲದ ಫ್ರಿಜ್ ಕಂಡುಹಿಡಿದರು. ಸಣ್ಣ ಉರಿ ಅಮೋನಿಯಾ ಮತ್ತು ನೀರಿನ ದ್ರಾವಣವನ್ನು ಕುದಿಸುತ್ತದೆ, ಅಮೋನಿಯಾ ಆವಿ ಮೇಲೇರಿ ದ್ರವವಾಗಿ ಹೈಡ್ರೋಜನ್ನಿನ ನಡುವೆ ಮತ್ತೆ ಆವಿಯಾಗುವಾಗ ತಂಪು ಕೊಡುತ್ತದೆ. ಕರೆಂಟ್ ಬರದ ಕಾಲದಲ್ಲಿ ಎಸ್ಟೇಟ್ ಬಂಗಲೆಗಳಲ್ಲಿ, ಆಸ್ಪತ್ರೆಗಳಲ್ಲಿ ಇದ್ದ ಸೀಮೆಎಣ್ಣೆ ಫ್ರಿಜ್ ಇದೇ ಜಾತಿಯದು. ಹೊರದೇಶಗಳ ಕ್ಯಾರವಾನ್‌ಗಳಲ್ಲಿ, ತಂತಿ ಮುಟ್ಟದ ಕಾಡುಮನೆಗಳಲ್ಲಿ ಇದು ಈಗಲೂ ಪ್ರೋಪೇನ್ ಸಿಲಿಂಡರಿನಲ್ಲಿ ನಡೆಯುತ್ತದೆ. ಅದರ ಆರೈಕೆ ಎಂದರೆ ಉರಿಯ ಆರೈಕೆ. ಬರ್ನರಿನ ಉರಿ ನೀಲಿಯಾಗಿರಬೇಕು, ಹಳದಿಯಾದರೆ ಗಾಳಿ ಸಾಲದು ಅಥವಾ ಕಸ ಕೂತಿದೆ. ಹೊಗೆಕೊಳವೆಯ ಮಸಿ ವರ್ಷಕ್ಕೊಮ್ಮೆ ಕೆರೆಯಬೇಕು. ಜೇಡ ಬಲೆ ಕಟ್ಟಿದರೆ ಗ್ಯಾಸಿನ ಸಣ್ಣ ಜೆಟ್ ಕಟ್ಟಿಕೊಳ್ಳುತ್ತದೆ, ಅದನ್ನು ಸೂಜಿಯಿಂದ ಚುಚ್ಚಿ ತೂತು ದೊಡ್ಡದು ಮಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಫ್ರಿಜ್ ಸಮತಟ್ಟಾಗಿ ನಿಲ್ಲಬೇಕು. ಒಳಗಿನ ದ್ರವ ತನ್ನ ಭಾರಕ್ಕೆ ತಾನೇ ಹರಿದುಬರಬೇಕಾದ್ದರಿಂದ ಓರೆಯಾಗಿ ನಿಂತರೆ ಕುದಿಯುವ ಕೊಳವೆ ಒಣಗಿ ಶಾಶ್ವತವಾಗಿ ಕೆಡುತ್ತದೆ. ಕೆಲವು ಹೋಟೆಲ್ ಕೋಣೆಗಳಲ್ಲಿ ಸದ್ದೇ ಮಾಡದೆ ಕೂತಿರುವ ಪುಟ್ಟ ಫ್ರಿಜ್ ಇದರದೇ ಮರಿ, ಅಲ್ಲಿ ಉರಿಯ ಜಾಗದಲ್ಲಿ ಕರೆಂಟಿನ ಹೀಟರ್ ಇರುತ್ತದೆ. ನಮ್ಮೂರ ಅಡುಗೆಮನೆಗಳಲ್ಲಿ ಇದು ಸಿಗುವುದಿಲ್ಲ, ಆದ್ದರಿಂದ ಕಂಪ್ರೆಸರ್ ಫ್ರಿಜ್ಜಿಗೆ ಮರಳೋಣ.

ಮೊದಲು ಹೆದರಿಕೆಯ ಲೆಕ್ಕ. ಮನೆಯ ಸಾಮಾನ್ಯ ಫ್ರಿಜ್ಜಿನಲ್ಲಿ ಇರುವ ಐಸೊಬ್ಯುಟೇನ್ ಸುಮಾರು 30ರಿಂದ 60 ಗ್ರಾಂ. ಅಡುಗೆ ಸಿಲಿಂಡರಿನಲ್ಲಿ ಇರುವುದು 14.2 ಕಿಲೊ. ನಲವತ್ತು ಗ್ರಾಂ ಪೂರ್ತಿ ಸೋರಿ ಹೊರಬಂದರೂ ಹದಿನೇಳು ಲೀಟರಿನಷ್ಟು ಆವಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯ ಗಾಳಿಯಲ್ಲಿ ಬೆರೆತರೆ ನೂರಕ್ಕೆ ಒಂದಂಶವೂ ಆಗುವುದಿಲ್ಲ. ಐಸೊಬ್ಯುಟೇನ್ ಹೊತ್ತಿಕೊಳ್ಳಲು ಗಾಳಿಯಲ್ಲಿ ಕನಿಷ್ಠ ಶೇ 1.8ರಷ್ಟು ಇರಬೇಕು. ಆದ್ದರಿಂದ ಗಾಳಿಯಾಡುವ ಅಡುಗೆಮನೆಯಲ್ಲಿ ಹೆದರಿಕೆಗೆ ಕಾರಣವಿಲ್ಲ. ಅಪಾಯ ಇರುವುದು ಗ್ಯಾಸ್ ಒಂದೇ ಕಡೆ ಮಡುಗಟ್ಟಿದಾಗ. ಮುಚ್ಚಿದ ಫ್ರಿಜ್ಜಿನ ಹೊಟ್ಟೆಯೊಳಗೆ ಅದೇ ಹದಿನೇಳು ಲೀಟರ್ ತುಂಬಿದರೆ ಹೊತ್ತಿಕೊಳ್ಳುವ ಮಟ್ಟ ದಾಟಿಬಿಡುತ್ತದೆ. ಗೋಡೆಯೊಳಗೆ ಹುದುಗಿಸಿದ ಕಪಾಟಿನಲ್ಲಿ ಫ್ರಿಜ್ ಕೂರಿಸಿ ಸುತ್ತ ಜಾಗ ಬಿಡದಿದ್ದರೂ ಹಾಗೆಯೇ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ನಿಲ್ಲುತ್ತದೆ.

ಇನ್ನೊಂದು ಸಂಗತಿ ಎಲ್ಲ ಮನೆಯವರಿಗೂ ಗೊತ್ತಿರಬೇಕು. ಅಡುಗೆ ಗ್ಯಾಸ್ ಸೋರಿದರೆ ಮೂಗಿಗೆ ಬಡಿಯುತ್ತದೆ, ಯಾಕೆಂದರೆ ಅದಕ್ಕೆ ಬೇಕೆಂದೇ ಕೆಟ್ಟ ವಾಸನೆಯ ರಾಸಾಯನಿಕ ಸೇರಿಸಿರುತ್ತಾರೆ. ಫ್ರಿಜ್ಜಿನ ಗ್ಯಾಸಿಗೆ ಅದನ್ನು ಸೇರಿಸುವುದಿಲ್ಲ. ಸೋರಿದರೂ ವಾಸನೆ ಬರುವುದಿಲ್ಲ. ಮೂಗನ್ನು ನಂಬುವಂತಿಲ್ಲ, ಕಿವಿಯನ್ನೂ ಕಣ್ಣನ್ನೂ ನಂಬಬೇಕು.

ಕಿವಿ ಯಾವಾಗ ಬೇಕಾಗುತ್ತದೆ ಎಂದರೆ ಮೇ ತಿಂಗಳ ಕೊನೆಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಗಂಗೊಳ್ಳಿಯ ಬಂದರು ಖಾಲಿಯಾಗುವ ಮೊದಲು ಬಂಗುಡೆ, ಅಂಜಲ್, ಸಿಗಡಿ ತಂದು ಫ್ರೀಜರಿನಲ್ಲಿ ತುಂಬಿಡುವ ಮನೆಗಳು ಎಷ್ಟೋ. ಒದ್ದೆ ಪ್ಲಾಸ್ಟಿಕ್ ಚೀಲ ಫ್ರೀಜರಿನ ತಳಕ್ಕೆ ಅಂಟಿ ಹೆಪ್ಪುಗಟ್ಟುತ್ತದೆ. ಮಧ್ಯಾಹ್ನದ ಸಾರಿಗೆ ಹೊತ್ತಾಗುತ್ತಿದೆ, ಚೀಲ ಬರುತ್ತಿಲ್ಲ, ಕೈಯಲ್ಲಿ ಚೂರಿ ಇದೆ. ಚೂರಿಯ ತುದಿ ಮಂಜಿನಡಿ ತೂರಿಸಿ ಮೀಟಿದಾಗ ಸಣ್ಣಗೆ 'ಸ್ಸ್' ಎಂದು ಕೇಳಿದರೆ ಆ ಫ್ರಿಜ್ಜಿನ ಗ್ಯಾಸ್ ಹೋಯಿತು ಎಂದೇ ತಿಳಿಯಬೇಕು. ಒಂದೇ ಬಾಗಿಲಿನ ಫ್ರಿಜ್ಜುಗಳಲ್ಲಿ ಹಲವದರ ಫ್ರೀಜರ್ ಗೋಡೆ ಎಂದರೆ ಎರಡು ಅಲ್ಯೂಮಿನಿಯಂ ಹಾಳೆಗಳನ್ನು ಒತ್ತಿ ನಡುವೆ ಗ್ಯಾಸ್ ಹರಿಯುವ ದಾರಿ ಬಿಟ್ಟಿರುವುದು, ಅಷ್ಟೇ. ಹಾಳೆಯ ದಪ್ಪ ಒಂದು ಮಿಲಿಮೀಟರಿನ ಆಚೀಚೆ. ರಿಪೇರಿ ಅಂಗಡಿಗೆ ಬರುವ 'ಗ್ಯಾಸ್ ಖಾಲಿ' ಫ್ರಿಜ್ಜುಗಳಲ್ಲಿ ಚೂರಿಯ ಗಾಯ ಹೊತ್ತವು ಬಹಳ.

ಹಾಗೆ ಆಗಿಬಿಟ್ಟರೆ ಬಾಗಿಲು ಮುಚ್ಚಬೇಡಿ, ಹಾರುಹೊಡೆಯಿರಿ. ಕಿಟಕಿ, ಹಿತ್ತಿಲ ಬಾಗಿಲು ತೆಗೆಯಿರಿ. ಒಲೆ ಉರಿಯುತ್ತಿದ್ದರೆ ಆರಿಸಿ. ಫ್ರಿಜ್ಜಿನ ಪಕ್ಕದ ಸ್ವಿಚ್ಚು, ಪ್ಲಗ್ಗು ಮುಟ್ಟದೆ ಹೊರಗಿನ ಮೇನ್ ಬೋರ್ಡಿನಲ್ಲಿ ಕರೆಂಟ್ ತೆಗೆಯಿರಿ, ಯಾಕೆಂದರೆ ಸ್ವಿಚ್ಚಿನ ಕಿಡಿ ಸಾಕು. ಅರ್ಧ ಗಂಟೆ ಗಾಳಿಯಾಡಲು ಬಿಟ್ಟರೆ ಗ್ಯಾಸ್ ಚದುರಿಹೋಗುತ್ತದೆ. ಇಂಥ ಪ್ರಸಂಗವೇ ಬರದಿರಲು ಮಾಡಬೇಕಾದದ್ದು ಇನ್ನೂ ಸುಲಭ. ಮಂಜು ಕಾಲಿಂಚಿನಷ್ಟು ಕಟ್ಟುವ ಮೊದಲೇ ಡಿಫ್ರಾಸ್ಟ್ ಗುಂಡಿ ಒತ್ತಬೇಕು. ಅವಸರ ಇದ್ದರೆ ಸ್ವಿಚ್ ತೆಗೆದು, ಅಗಲ ಪಾತ್ರೆಯಲ್ಲಿ ಬಿಸಿನೀರು ಇಟ್ಟು ಕಾಯಬೇಕು. ಮಳೆಗಾಲದಲ್ಲಿ ನಮ್ಮ ಕಡೆಯ ಗಾಳಿ ನೀರು ತುಂಬಿಕೊಂಡೇ ಇರುತ್ತದೆ. ಪ್ರತಿ ಸಲ ಬಾಗಿಲು ತೆಗೆದಾಗ ಆ ನೀರು ಒಳಗೆ ಹೋಗಿ ಮಂಜಾಗಿ ಕೂರುತ್ತದೆ. ಬಯಲುಸೀಮೆಯಲ್ಲಿ ತಿಂಗಳಿಗೊಮ್ಮೆ ಸಾಕಾಗುವ ಡಿಫ್ರಾಸ್ಟ್ ನಮ್ಮಲ್ಲಿ ಜುಲೈಯಲ್ಲಿ ವಾರಕ್ಕೊಮ್ಮೆ ಬೇಕಾಗಬಹುದು. ಮೀನನ್ನು ಚೀಲದ ಬದಲು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಹೊರಮೈ ಒರೆಸಿ ಇಟ್ಟರೆ ಅಂಟುವುದೇ ಇಲ್ಲ.

ಕರಾವಳಿಯ ಫ್ರಿಜ್ಜಿಗೆ ಚೂರಿಗಿಂತ ದೊಡ್ಡ ಶತ್ರು ಉಪ್ಪು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಕುಂದಾಪುರ ಪೇಟೆಯ ಮೂರು ಕಡೆಯೂ ಹಿನ್ನೀರು. ಉಪ್ಪುಂದ, ಶಿರೂರು, ಹಂಗಾರಕಟ್ಟೆ, ಕೋಡಿ ಕನ್ಯಾನ, ಎಲ್ಲಿ ನಿಂತರೂ ಉಪ್ಪುಗಾಳಿ. ಕಿಟಕಿಯ ಸರಳು, ಗೇಟು, ಬೈಕಿನ ಸೈಲೆನ್ಸರ್ ತುಕ್ಕು ಹಿಡಿಯುವುದನ್ನು ಕಾಣುತ್ತೇವೆ. ಫ್ರಿಜ್ಜಿನ ಬೆನ್ನನ್ನು ಗೋಡೆಗೆ ತಿರುಗಿಸಿಟ್ಟಿರುವುದರಿಂದ ಅದರ ತುಕ್ಕು ಕಾಣುವುದಿಲ್ಲ. ಹಿಂಬದಿಯ ಕಪ್ಪು ಜಾಲರಿಯಂಥ ಕಂಡೆನ್ಸರ್ ಉಕ್ಕಿನ ಕೊಳವೆ. ಬಣ್ಣ ಸಿಪ್ಪೆ ಎದ್ದ ಕಡೆ ಉಪ್ಪು ಕೂತು ತಿನ್ನತೊಡಗುತ್ತದೆ. ತಾಮ್ರದ ಕೊಳವೆ ಉಕ್ಕಿನ ಕೊಳವೆಗೆ ಬೆಸೆದಿರುವ ಕಂಪ್ರೆಸರಿನ ಹತ್ತಿರದ ಜಾಗಗಳಲ್ಲಿ, ಎರಡು ಲೋಹ ಸೇರಿದ್ದರಿಂದ, ಉಪ್ಪುನೀರು ತಾಗಿದರೆ ಸವೆತ ಇನ್ನೂ ಬೇಗ.

ಅಲ್ಲಿ ಬೀಳುವ ತೂತು ಕಣ್ಣಿಗೆ ಕಾಣದಷ್ಟು ಸಣ್ಣದು. ಐಸೊಬ್ಯುಟೇನ್ ಫ್ರಿಜ್ಜಿನಲ್ಲಿ ಅದರಿಂದ ಇನ್ನೊಂದು ಕೇಡು. ಈ ಗ್ಯಾಸ್ ಕುದಿಯುವುದು ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ಫ್ರೀಜರ್ ಅದಕ್ಕಿಂತಲೂ ತಣ್ಣಗಿರಬೇಕಾದ್ದರಿಂದ ಕಂಪ್ರೆಸರ್ ಓಡುವಾಗ ತಂಪಿನ ಬದಿಯ ಕೊಳವೆಯೊಳಗೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುತ್ತದೆ. ಆ ಬದಿಯಲ್ಲಿ ತೂತಿದ್ದರೆ ಫ್ರಿಜ್ ನಿಂತಾಗ ಗ್ಯಾಸ್ ಬಿಡುತ್ತದೆ, ಓಡುವಾಗ ಹೊರಗಿನ ಒದ್ದೆ ಗಾಳಿಯನ್ನು ಒಳಗೆಳೆಯುತ್ತದೆ. ಒಳಗೆ ಹೋದ ನೀರಿನ ಅಂಶ ಒಂದು ಮಿಲಿಮೀಟರಿಗೂ ಸಪೂರವಾದ ಕ್ಯಾಪಿಲರಿ ಕೊಳವೆಯ ಬಾಯಲ್ಲಿ ಮಂಜಾಗಿ ದಾರಿ ಕಟ್ಟುತ್ತದೆ. ಸ್ವಲ್ಪ ಹೊತ್ತು ತಂಪು, ಸ್ವಲ್ಪ ಹೊತ್ತು ಇಲ್ಲ, ಸ್ವಿಚ್ ತೆಗೆದಿಟ್ಟು ಹಾಕಿದರೆ ಮತ್ತೆ ತಂಪು ಎಂಬ ಚೇಷ್ಟೆ ಕಂಡರೆ ಇದನ್ನೇ ಸಂಶಯಿಸಬೇಕು.

ಎರಡು ತಿಂಗಳಿಗೊಮ್ಮೆಯಾದರೂ ಪ್ಲಗ್ ಕಿತ್ತು ಫ್ರಿಜ್ಜನ್ನು ಮುಂದಕ್ಕೆ ಎಳೆಯಿರಿ. ಒಣ ಬ್ರಶ್ಶಿನಿಂದ ಜಾಲರಿಯ ಧೂಳು ಉದುರಿಸಿ, ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆ ಹಿಡಿಯಿರಿ. ವೈರು ಸೇರುವ ಪೆಟ್ಟಿಗೆಗೆ ನೀರು ಹೋಗಬಾರದು. ತುಕ್ಕಿನ ಚುಕ್ಕೆ ಕಂಡರೆ ಮರಳುಕಾಗದ ಹಾಕಿ ಉಜ್ಜಬೇಡಿ, ಕೊಳವೆ ಇನ್ನಷ್ಟು ತೆಳುವಾಗುತ್ತದೆ; ಮೆಕ್ಯಾನಿಕ್‌ಗೆ ತೋರಿಸಿ. ಹೊಸ ಮಾದರಿಗಳಲ್ಲಿ ಜಾಲರಿ ಹೊರಗಿಲ್ಲ, ಪಕ್ಕದ ತಗಡಿನ ಒಳಗಿದೆ. ಫ್ರಿಜ್ಜಿನ ಪಕ್ಕೆ ಬೆಚ್ಚಗಾಗುತ್ತದೆ ಎಂದು ಗಾಬರಿಯಾಗುವವರು ಇದನ್ನು ತಿಳಿದರೆ ಸಾಕು. ಎರಡೂ ಬದಿಗೆ ಒಂದು ಗೇಣು ಜಾಗ ಬಿಟ್ಟರೆ ಆ ಬಿಸಿ ಹೊರಹೋಗುತ್ತದೆ. ಮಳೆಗಾಲದಲ್ಲಿ ಅಂಗಳದ ಪಾಚಿಗೆ ಹಾಕಲು ತಂದ ಬ್ಲೀಚಿಂಗ್ ಪೌಡರ್ ಚೀಲವನ್ನು ಒದ್ದೆಯಾಗದಿರಲೆಂದು ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿ ಇಡುವುದುಂಟು. ಅದರಿಂದ ಏಳುವ ಕ್ಲೋರಿನ್ ಉಪ್ಪುಗಾಳಿಗಿಂತ ಜೋರಾಗಿ ಲೋಹ ತಿನ್ನುತ್ತದೆ. ಬಚ್ಚಲು ತೊಳೆಯುವ ಆಸಿಡ್ ಬಾಟಲಿಯೂ ಅಷ್ಟೇ. ಎರಡನ್ನೂ ದೂರ ಇಡಿ.

ಹಿಂಬದಿಗೆ ಹೋದಾಗ ಕಂಪ್ರೆಸರಿನ ಮೇಲಿರುವ ನೀರಿನ ಟ್ರೇ ಎಳೆದು ನೋಡಿ. ಮಂಜು ಕರಗಿದ ನೀರು ಅಲ್ಲಿ ಬಂದು ಕಂಪ್ರೆಸರಿನ ಬಿಸಿಗೆ ಆರಬೇಕು. ಮಳೆಗಾಲದಲ್ಲಿ ಬರುವ ನೀರು ಹೆಚ್ಚು, ಆರುವುದು ಕಡಿಮೆ. ನಿಂತ ನೀರಿನಲ್ಲಿ ಬೆರಳಿಗೆ ತಾಗುವ ಲೋಳೆ, ಅದರ ಮೇಲೆ ಕುಣಿಯುವ ಸಣ್ಣ ಹುಳು ಕಂಡರೆ ಅವು ಸೊಳ್ಳೆಯ ಮರಿಗಳು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ಮನೆಯೊಳಗಿನ ತಿಳಿನೀರು ಬಹಳ ಇಷ್ಟ. ಆಶಾ ಕಾರ್ಯಕರ್ತೆಯರು ಲಾರ್ವಾ ಸಮೀಕ್ಷೆಗೆ ಬಂದಾಗ ಹೂಕುಂಡ, ಡ್ರಮ್ಮಿನ ಜತೆ ಫ್ರಿಜ್ಜಿನ ಟ್ರೇಯನ್ನೂ ಕೇಳುವುದು ಅದಕ್ಕೇ. ಈಡಿಸ್ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ ಇಡುವುದು ಬಿಡಬಾರದ ಕೆಲಸ. ಇಡೀ ಆರೈಕೆಯಲ್ಲಿ ಇದೊಂದನ್ನು ತಪ್ಪಿಸಿದರೆ ಕೆಡುವುದು ಫ್ರಿಜ್ ಮಾತ್ರವಲ್ಲ, ಮನೆಮಂದಿಯ ಆರೋಗ್ಯ.

ಬಾಗಿಲಿನ ರಬ್ಬರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಡಿಕೆಗಳಲ್ಲಿ ಕಪ್ಪು ಬೂಷ್ಟು ಕಂಡರೆ ಸೋಪುನೀರಲ್ಲಿ ಒರೆಸಿ ಒಣಗಿಸಿ. ಒಂದು ಕಾಗದವನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆದಾಗ ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಹಿಡಿಯುತ್ತಿಲ್ಲ. ಬಿಸಿನೀರಿನ ಬಟ್ಟೆ ಒತ್ತಿ ನೆಟ್ಟಗೆ ಮಾಡಲು ಬರುತ್ತದೆ, ಆಗದಿದ್ದರೆ ಬದಲಿಸಬೇಕು.

ಕರೆಂಟಿನ ಮಾತು ಉದ್ದ. ವಾರಾಹಿ ನದಿಯಿಂದ ಹೊಸಂಗಡಿಯಲ್ಲಿ ವಿದ್ಯುತ್ ಹುಟ್ಟುವುದು ನಮ್ಮ ಸೀಮೆಯಲ್ಲೇ ಆದರೂ ಜೂನ್ ಬಂತೆಂದರೆ ಮರ ಬಿದ್ದು ತಂತಿ ಹರಿಯುವುದು, ದಿನಕ್ಕೆ ಹತ್ತು ಸಲ ಹೋಗಿಬರುವುದು, ಸಂಜೆ ವೋಲ್ಟೇಜ್ ಇಳಿಯುವುದು ನಮಗೆ ಹೊಸತಲ್ಲ. ಕಂಪ್ರೆಸರಿಗೆ ಕೆಟ್ಟದ್ದು ಕರೆಂಟ್ ಹೋಗುವುದಕ್ಕಿಂತ ಹೋದ ಕೂಡಲೇ ಬರುವುದು. ನಿಂತಾಗ ಕೊಳವೆಯ ಒಂದು ಬದಿಯಲ್ಲಿ ಒತ್ತಡ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ ಇರುತ್ತದೆ. ಕ್ಯಾಪಿಲರಿಯ ಮೂಲಕ ಎರಡೂ ಸಮನಾಗಲು ಮೂರರಿಂದ ಐದು ನಿಮಿಷ ಬೇಕು. ಅದಕ್ಕೂ ಮೊದಲೇ ಕರೆಂಟ್ ಬಂದರೆ ಮೋಟಾರು ಒತ್ತಡದ ಎದುರು ತಿರುಗಲಾರದೆ ಗುಂಯ್‌ಗುಟ್ಟಿ 'ಟಿಕ್' ಎಂದು ನಿಲ್ಲುತ್ತದೆ. ಕಡಿಮೆ ವೋಲ್ಟೇಜಿನಲ್ಲೂ ಅದೇ ಸದ್ದು. ಹಾಗೆ ಪದೇಪದೇ ಆಗಿ ರಿಲೇ ಸುಡುತ್ತದೆ, ಕೊನೆಗೆ ಕಂಪ್ರೆಸರ್. ತಡಮಾಡಿ ಕರೆಂಟ್ ಕೊಡುವ ವ್ಯವಸ್ಥೆ ಇರುವ ಸ್ಟೆಬಿಲೈಸರ್ ಹಾಕಿಸುವುದು ನಮ್ಮ ಕಡೆ ಐಷಾರಾಮವಲ್ಲ. ಸ್ಟೆಬಿಲೈಸರ್ ಬೇಡ ಎಂದು ಬರೆದಿರುವ ಇನ್ವರ್ಟರ್ ಫ್ರಿಜ್ಜುಗಳಿಗೂ ಅವು ತಾಳುವ ವೋಲ್ಟೇಜಿನ ಮಿತಿ ಇರುತ್ತದೆ. ನಿಮ್ಮ ಮನೆಯ ವೋಲ್ಟೇಜ್ ಅದರೊಳಗೆ ಇದೆಯೇ ನೋಡಿಕೊಳ್ಳಿ. ಏಪ್ರಿಲ್ ಮೇ ತಿಂಗಳ, ಅಕ್ಟೋಬರಿನ ಗುಡುಗು ಸಿಡಿಲಿಗೆ ಯಾವ ಸ್ಟೆಬಿಲೈಸರೂ ಅಡ್ಡಿಯಲ್ಲ, ಮೋಡ ಕಟ್ಟುವಾಗಲೇ ಪ್ಲಗ್ ಕಿತ್ತಿಡಬೇಕು. ಬಾಗಿಲು ತೆಗೆಯದಿದ್ದರೆ ಒಳಗಿನ ತಂಪು ಮೂರು ನಾಲ್ಕು ಗಂಟೆ ನಿಲ್ಲುತ್ತದೆ.

ಅರ್ಥಿಂಗ್ ಇನ್ನೂ ಮುಖ್ಯ. ಹಳೆಯ ಮುರಕಲ್ಲಿನ ಮನೆಗಳಲ್ಲಿ ವೈರಿಂಗ್ ಆಮೇಲೆ ಸೇರಿಸಿದ್ದು, ಅರ್ಥ್ ತಂತಿ ಎಲ್ಲಿ ಹೋಗಿದೆಯೋ ಯಾರಿಗೂ ಗೊತ್ತಿಲ್ಲದ ಉದಾಹರಣೆ ಬೇಕಾದಷ್ಟಿವೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಹಿಡಿಕೆ ಮುಟ್ಟಿದಾಗ ಜುಂ ಎಂದರೆ ಅದನ್ನು ತಮಾಷೆಯೆಂದು ಬಿಡಬೇಡಿ, ಅಂದೇ ಎಲೆಕ್ಟ್ರಿಶಿಯನ್ ಕರೆಸಿ. ಮಳೆಗೆ ಒಳಬರುವ ಇಲಿ ಹಿಂಬದಿಯ ವೈರ್ ಕಡಿಯುತ್ತದೆ. ಕಡಿದ ವೈರಿನ ಕಿಡಿ ಮತ್ತು ಸೋರುವ ಗ್ಯಾಸ್ ಒಂದೇ ಮೂಲೆಯಲ್ಲಿ ಸೇರುವುದು ಬೇಡ.

ನಮ್ಮ ಊರುಗಳಿಗೇ ವಿಶೇಷವಾದ ಇನ್ನೊಂದು ಪರಿಸ್ಥಿತಿಯಿದೆ. ಬೆಂಗಳೂರಿನ, ಮುಂಬಯಿಯ ಹೋಟೆಲ್ ಉದ್ಯಮದಲ್ಲಿರುವವರ, ಗಲ್ಫಿನಲ್ಲಿರುವವರ ಮನೆಗಳು ವರ್ಷದ ಬಹುಪಾಲು ಬೀಗ ಹಾಕಿಕೊಂಡಿರುತ್ತವೆ. ಹಬ್ಬಕ್ಕೋ ದೈವದ ಕೋಲಕ್ಕೋ ಬಂದು ನಾಲ್ಕು ದಿನ ಇದ್ದು ಹೋಗುವಾಗ ಫ್ರಿಜ್ಜಿನ ಸ್ವಿಚ್ ತೆಗೆದು ಬಾಗಿಲು ಮುಚ್ಚಿ ಹೋಗುತ್ತಾರೆ. ಮುಂದಿನ ಸಲ ತೆಗೆದಾಗ ಒಳಗೆಲ್ಲ ಬೂಷ್ಟು. ಖಾಲಿ ಮಾಡಿ, ಒರೆಸಿ, ಟ್ರೇ ಚೆಲ್ಲಿ, ಬಾಗಿಲಿನ ಸಂದಿಗೆ ಸುತ್ತಿದ ಬಟ್ಟೆ ಇಟ್ಟು ತುಸು ತೆರೆದೇ ಬಿಡಬೇಕು. ಮರಳಿ ಬಂದ ದಿನ ಸ್ವಿಚ್ ಹಾಕುವ ಮೊದಲು ಕಿಟಕಿ ತೆಗೆದು ಮನೆಗೆ ಗಾಳಿ ಬಿಡಿ. ತಿಂಗಳುಗಟ್ಟಲೆ ಮುಚ್ಚಿದ ಕೋಣೆಯಲ್ಲಿ ಸಣ್ಣಗೆ ಸೋರಿದ್ದರೆ ಅದು ಅಲ್ಲೇ ಇರಬಹುದು, ವಾಸನೆಯಂತೂ ಇಲ್ಲ.

ಅಂಗಡಿಗಳ ಪ್ರೋಪೇನ್ ಕೂಲರಿಗೆ ಕಷ್ಟ ಮನೆಯದಕ್ಕಿಂತ ಹೆಚ್ಚು. ಹೆದ್ದಾರಿ 66ರ ಬದಿಯಲ್ಲಿ, ತ್ರಾಸಿ ಮರವಂತೆಯ ಕಡಲಿಗೆ ಮುಖ ಮಾಡಿ ನಿಂತ ಕೂಲರ್‌ಗಳ ಅಡಿಯಲ್ಲಿ ಕಂಡೆನ್ಸರ್ ಇದೆ, ಫ್ಯಾನ್ ಅದಕ್ಕೆ ಗಾಳಿ ಎಳೆಯುತ್ತದೆ. ಗಾಳಿಯ ಜತೆ ಮರಳು, ಲಾರಿಗಳ ಧೂಳು, ಉಪ್ಪು. ತೆಳು ತಗಡಿನ ರೆಕ್ಕೆಗಳ ನಡುವೆ ಅದೆಲ್ಲ ಕಂಬಳಿಯ ಹಾಗೆ ಕೂತಾಗ ಬಿಸಿ ಹೊರಹೋಗಲು ದಾರಿಯಿಲ್ಲ, ಕಂಪ್ರೆಸರ್ ನಿಲ್ಲದೆ ಓಡುತ್ತದೆ, ಬಿಲ್ ಏರುತ್ತದೆ, ಒತ್ತಡ ಏರಿ ಬೆಸುಗೆಗಳು ದಣಿಯುತ್ತವೆ. ಪ್ರೋಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ, ಅದರ ಕೊಳವೆಯೊಳಗಿನ ಒತ್ತಡ ಐಸೊಬ್ಯುಟೇನಿನದಕ್ಕಿಂತ ಬಹಳ ಹೆಚ್ಚು. ತೂತು ಬಿದ್ದರೆ ಗ್ಯಾಸ್ ಹೊರಗೇ ನುಗ್ಗುತ್ತದೆ. ಅಡಿಯ ಜಾಲರಿ ಬಿಚ್ಚಿ ಮೆತ್ತನೆ ಬ್ರಶ್ಶಿನಲ್ಲಿ ರೆಕ್ಕೆಯ ಉದ್ದಕ್ಕೆ ಎಳೆದು ಸ್ವಚ್ಛ ಮಾಡುವುದು ತಿಂಗಳ ಕೆಲಸ. ಕೂಲರಿನ ಕಾಲಬುಡದಲ್ಲಿ ಬಜೆ ಕರಿಯುವ ಒಲೆ, ಸಿಲಿಂಡರ್ ಇಟ್ಟುಕೊಂಡವರು ಇವತ್ತೇ ಜಾಗ ಬದಲಿಸಬೇಕು.

ಕೋಟೇಶ್ವರದ ಕೊಡಿಹಬ್ಬದಂಥ ಜಾತ್ರೆಗೆ ಐಸ್‌ಕ್ರೀಮ್ ಫ್ರೀಜರ್‌ಗಳು ಟೆಂಪೊ ಏರಿ ಬರುತ್ತವೆ. ಮಲಗಿಸಿ ತಂದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಇಳಿಯುತ್ತದೆ. ನಿಲ್ಲಿಸಿಯೇ ತರಬೇಕು, ಓರೆಯಾಗಿದ್ದರೆ ಕೆಲವು ಗಂಟೆ ನೆಟ್ಟಗೆ ಬಿಟ್ಟು ಆಮೇಲೆ ಸ್ವಿಚ್ ಹಾಕಬೇಕು.

ಇಷ್ಟೆಲ್ಲ ನೋಡಿಕೊಂಡರೂ ಒಮ್ಮೆ ಮೆಕ್ಯಾನಿಕ್ ಬರಲೇಬೇಕಾಗುತ್ತದೆ. ನಮ್ಮ ಊರಿನ ಅನುಭವಿ ಮೆಕ್ಯಾನಿಕ್‌ಗಳ ಕೈಚಳಕದ ಮೇಲೆ ನನಗೆ ಗೌರವವಿದೆ. ಆದರೆ ಹಳೆಯ ಗ್ಯಾಸಿನಲ್ಲಿ ಪಳಗಿದ ಕೈಗೆ ಹೊಸ ಗ್ಯಾಸ್ ಬೇರೆ ಶಿಸ್ತು ಕೇಳುತ್ತದೆ. ಹಿಂದೆ ಗ್ಯಾಸ್ ಉಳಿದಿದ್ದರೂ ಕೊಳವೆಗೆ ಬೆಂಕಿ ಹಿಡಿದು ಬೆಸುಗೆ ಬಿಚ್ಚುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ. ಈಗ ಹಾಗೆ ಮಾಡಿದರೆ ಜ್ವಾಲೆ ಮುಖಕ್ಕೆ ಬರುತ್ತದೆ. ಉಳಿದ ಗ್ಯಾಸನ್ನು ಉದ್ದ ಪೈಪಿನಲ್ಲಿ ಮನೆಯ ಹೊರಗೆ ಬಿಟ್ಟು, ನೈಟ್ರೋಜನ್ ಹಾಯಿಸಿ ಕೊಳವೆ ತೊಳೆದ ಮೇಲೆಯೇ ಬೆಂಕಿ. ಸೋರಿಕೆ ಪರೀಕ್ಷೆಗೂ ನೈಟ್ರೋಜನ್ನೇ. ವೆಲ್ಡಿಂಗಿನ ಆಕ್ಸಿಜನ್ ಹತ್ತಿರದಲ್ಲಿದೆ ಎಂದು ಅದನ್ನು ಕೊಳವೆಗೆ ತುಂಬಿದರೆ ಒಳಗಿನ ಎಣ್ಣೆಯ ಜತೆ ಸೇರಿ ಸ್ಫೋಟಿಸುತ್ತದೆ. ತೇವ ಹೀರುವ ಡ್ರೈಯರ್ ಹೊಸತು ಹಾಕಿ, ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ ತೇವ ತೆಗೆದು, ತಕ್ಕಡಿಯಲ್ಲಿ ತೂಗಿ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ತುಂಬಬೇಕು. ನಲವತ್ತು ಗ್ರಾಮಿನಲ್ಲಿ ಐದು ಗ್ರಾಂ ತಪ್ಪಿದರೂ ತಂಪು ಕೆಡುತ್ತದೆ. ಆದ್ದರಿಂದ ಬಂದವರ ಬಳಿ ತಕ್ಕಡಿ, ವ್ಯಾಕ್ಯೂಮ್ ಪಂಪ್ ಇದೆಯೇ ಎಂದು ವಿನಯದಿಂದ ಕೇಳುವ ಹಕ್ಕು ನಿಮಗಿದೆ. ಇಲ್ಲವೆಂದರೆ ಆ ದಿನ ಕೆಲಸ ಬೇಡ. ಕೆಲಸ ನಡೆಯುವಾಗ ಫ್ರಿಜ್ಜನ್ನು ಜಗಲಿಗೋ ಅಂಗಳಕ್ಕೋ ತರಿಸಿ.

ಕೆಲವು ಕಡೆ ಫ್ರಿಜ್ಜಿಗೆ ಅಡುಗೆ ಸಿಲಿಂಡರಿನ ಗ್ಯಾಸನ್ನೇ ತುಂಬುವ ಅಭ್ಯಾಸವಿದೆ. ಒಂದೇ ಕುಟುಂಬ ಎಂದ ಮೇಲೆ ನಡೆಯುತ್ತದೆ ಎಂಬ ವಾದ. ನಡೆಯುವುದಿಲ್ಲ. ಅಡುಗೆ ಗ್ಯಾಸಿನಲ್ಲಿ ಪ್ರೋಪೇನ್, ಬ್ಯುಟೇನ್ ಎಷ್ಟೆಷ್ಟು ಎಂಬುದು ಒಂದೊಂದು ಸಲ ಒಂದೊಂದು ರೀತಿ, ಅದರಲ್ಲಿ ತೇವ ಇದೆ, ವಾಸನೆಗೆ ಹಾಕಿದ ಗಂಧಕದ ಸಂಯುಕ್ತ ಇದೆ. ಎಲ್ಲವೂ ಎಣ್ಣೆಯನ್ನೂ ಕೊಳವೆಯನ್ನೂ ಕೆಡಿಸುತ್ತವೆ. ಆರ್134ಎ ಫ್ರಿಜ್ಜಿಗೆ ತುಂಬಿದರಂತೂ ಅದರ ಥರ್ಮೊಸ್ಟಾಟ್, ಬಲ್ಬಿನ ಸ್ವಿಚ್ಚು ಉರಿಯುವ ಗ್ಯಾಸಿಗಾಗಿ ಮಾಡಿದ್ದಲ್ಲ, ಕಿಡಿ ಹೊರಬರದಂತೆ ಮುಚ್ಚಿರುವುದಿಲ್ಲ. ಅರ್ಧ ದುಡ್ಡಿಗೆ ಆಗುತ್ತದೆ ಎಂದು ಯಾರೇ ಹೇಳಿದರೂ ಒಪ್ಪಬೇಡಿ.

ಕೊನೆಗೆ ಫ್ರಿಜ್ ಗುಜರಿಗೆ ಹೋಗುತ್ತದೆ. ಗುಜರಿಯವರು ಮೊದಲು ಮಾಡುವುದು ಕಂಪ್ರೆಸರಿನ ತಾಮ್ರಕ್ಕಾಗಿ ಕೊಳವೆ ಕತ್ತರಿಸುವುದು. ಹಳೆಯ ಫ್ರಿಜ್ಜಿನ ನೂರು ಗ್ರಾಂ ಆರ್134ಎ ಹಾಗೆ ಹೊರಹೋದರೆ ಅದು 143 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮ. ಹೊಸ ಫ್ರಿಜ್ಜಿನ ಕೊಳವೆಗೆ ಗ್ಯಾಸ್ ಕಟ್ಟರ್ ಹಿಡಿದರೆ ಬೆಂಕಿ. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಲ್ಲಿ ಫ್ರಿಜ್ಜೂ ಸೇರಿದೆ. ಅದರ ಹೊಣೆ ತಯಾರಕರ ಮೇಲಿದೆ. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಯವರಿಗೇ ಕೊಡುವುದಾದರೆ ಅದು ನೋಂದಾಯಿತ ಮರುಬಳಕೆದಾರರಿಗೆ ಹೋಗುತ್ತದೆಯೇ ಎಂದು ಕೇಳಿ, ಉರಿಯುವ ಗ್ಯಾಸಿದೆ ಎಂದು ಒಯ್ಯುವವರಿಗೂ ಬಾಯಿಬಿಟ್ಟು ಹೇಳಿ. ಒಯ್ಯಲು ಬರುವವರೆಗೆ ಹಿತ್ತಿಲಲ್ಲೋ ಕೊಟ್ಟಿಗೆಯಲ್ಲೋ ಇಡುವುದಾದರೆ ಬಾಗಿಲು ಕಳಚಿಯೇ ಇಡಬೇಕು, ಅಡಗಿ ಆಡುವ ಮಕ್ಕಳು ಒಳಗೆ ಸೇರಿಕೊಂಡರೆ ಒಳಗಿನಿಂದ ತೆಗೆಯಲು ಆಗದಿರಬಹುದು.